ಎದೆಯ ದನಿಗೆ ಕಿವಿಗೊಟ್ಟ ವೈದ್ಯ: ಡಾಕ್ಟರ್ ರೆನೆ ಲೇನೆಕ್

ಕೆಮ್ಮೋ ಜ್ವರವೋ ಬಂದು ವೈದ್ಯರ ಬಳಿಗೆ ಹೋದವರಿಗೆಲ್ಲ ಒಂದು ಅನುಭವ ಸಾಮಾನ್ಯವಾದುದು. ವೈದ್ಯರು ನಾಡಿ ಹಿಡಿದು, ನಾಲಿಗೆ ನೋಡಿ, ಕೊರಳಲ್ಲಿ ತೂಗುವ ಸ್ಟೆತಾಸ್ಕೋಪಿನ ಎರಡು ಕವಲುಗಳನ್ನು ಕಿವಿಗೆ ಸೇರಿಸಿಕೊಂಡು, ಅದರ ಬಿಲ್ಲೆಯನ್ನು ಎದೆಯ ಮೇಲಿಟ್ಟು, ದೀರ್ಘವಾಗಿ ಉಸಿರೆಳೆದುಕೊಳ್ಳುವಂತೆ ಹೇಳುತ್ತಾರೆ. ಆ ಕೆಲವು ಕ್ಷಣ ರೋಗಿಯೂ ಮೌನ, ವೈದ್ಯರೂ ಮೌನ. ಆ ಮೌನದಲ್ಲಿ ಅವರು ಕೇಳುವುದಾದರೂ ಏನು? ಹೊರಗಿನ ಕಣ್ಣಿಗೆ ಕಾಣದ ಎದೆಗೂಡಿನೊಳಗಿನ ಸಂಗತಿಯನ್ನು ಕಿವಿಯಿಂದ ತಿಳಿಯುವ ಈ ವಿದ್ಯೆಯನ್ನು ಲೋಕಕ್ಕೆ ಕಲಿಸಿದವರು ಯಾರು? ನಮ್ಮಲ್ಲಿ ಅನೇಕರು ಈ ಪ್ರಶ್ನೆಯನ್ನು ಕೇಳಿಕೊಂಡಿರಲಾರರು.

ಅವರೇ ಫ್ರಾನ್ಸ್ ದೇಶದ ವೈದ್ಯ ರೆನೆ ತಿಯೋಫಿಲ್ ಹಿಯಾಸಿಂತ್ ಲೇನೆಕ್. ಶ್ರದ್ಧಾವಂತ ಕಥೋಲಿಕ ಕ್ರೈಸ್ತರು, ಬಡರೋಗಿಗಳ ಆಸ್ಪತ್ರೆಯಲ್ಲಿ ದುಡಿದವರು, ತಾವೇ ಜೀವನವಿಡೀ ಅಸ್ವಸ್ಥರಾಗಿದ್ದವರು. ಯಾವ ಕ್ಷಯರೋಗವನ್ನು ಗುರುತಿಸುವ ಬಗೆಯನ್ನು ಅವರು ವೈದ್ಯಲೋಕಕ್ಕೆ ಕಲಿಸಿದರೋ ಅದೇ ರೋಗಕ್ಕೆ 45ನೆಯ ವಯಸ್ಸಿನಲ್ಲಿ ಬಲಿಯಾದರು. ರೋಗವನ್ನು ಸರಿಯಾಗಿ ಅರಿಯುವುದು ಚಿಕಿತ್ಸೆಯ ಮೊದಲ ಮೆಟ್ಟಿಲು ಮಾತ್ರವಲ್ಲ, ಅದು ರೋಗಿಗೆ ತೋರುವ ಮೊದಲ ಕರುಣೆಯೂ ಹೌದು ಎಂಬುದನ್ನು ಅವರ ಬದುಕು ನಮಗೆ ತಿಳಿಸುತ್ತದೆ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಆ ಮಹನೀಯರ ಜೀವನವನ್ನು ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಬಾಲ್ಯ ಮತ್ತು ಕ್ರಾಂತಿಯ ದಿನಗಳು

ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಬ್ರಿಟನಿ ಪ್ರಾಂತ್ಯದ ಕೆಂಪೇರ್ ಪಟ್ಟಣದಲ್ಲಿ 1781ರ ಫೆಬ್ರವರಿ 17ರಂದು ಲೇನೆಕ್ ಜನಿಸಿದರು. ತಂದೆ ವಕೀಲರು, ಕವಿತಾಪ್ರಿಯರು, ಆದರೆ ಸಂಸಾರದ ಹೊಣೆ ಹೊರುವುದರಲ್ಲಿ ನೆಚ್ಚಿಕೊಳ್ಳುವಂಥವರಲ್ಲ. ಮಗುವಿಗೆ ಐದು ವರ್ಷ ತುಂಬಿದಾಗ, 1786ರಲ್ಲಿ, ತಾಯಿ ತೀರಿಕೊಂಡರು. ತಾಯಿಯಿಲ್ಲದ ಮಕ್ಕಳನ್ನು ಮೊದಲು ಗುರುಗಳಾಗಿದ್ದ ಬಂಧುವೊಬ್ಬರು ನೋಡಿಕೊಂಡರು. ಅನಂತರ 1788ರಲ್ಲಿ ರೆನೆ ಮತ್ತು ತಮ್ಮ ಮಿಶೋ ನಾಂತ್ ನಗರದಲ್ಲಿ ವೈದ್ಯರಾಗಿದ್ದ ಚಿಕ್ಕಪ್ಪ ಗಿಯೋಮ್ ಲೇನೆಕ್ ಅವರ ಆಶ್ರಯಕ್ಕೆ ಬಂದರು. ತಂದೆಯಲ್ಲಿ ದೊರೆಯದ ಆಸರೆ ಆ ಮನೆಯಲ್ಲಿ ದೊರೆಯಿತು.

ಮರುವರ್ಷವೇ ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ನಾಂತ್ ನಗರ ಆ ದಿನಗಳಲ್ಲಿ ಕಂಡ ಕ್ರೌರ್ಯ ಅಷ್ಟಿಷ್ಟಲ್ಲ. ಚಿಕ್ಕಪ್ಪನ ಮನೆಯಿದ್ದ ಬೂಫೇ ಚೌಕದಲ್ಲಿಯೇ ಗಿಲೊಟಿನ್ ಎಂಬ ಶಿರಚ್ಛೇದ ಯಂತ್ರವನ್ನು ನಿಲ್ಲಿಸಲಾಗಿತ್ತು. ಹೊಸ ಸರ್ಕಾರಕ್ಕೆ ಪ್ರಮಾಣ ಮಾಡಲು ಒಪ್ಪದ ಸುಮಾರು 90 ಮಂದಿ ಗುರುಗಳನ್ನು 1793ರ ನವೆಂಬರಿನಲ್ಲಿ ದೋಣಿಯೊಂದರಲ್ಲಿ ತುಂಬಿ ಲ್ವಾರ್ ನದಿಯಲ್ಲಿ ಮುಳುಗಿಸಲಾಯಿತು. ಹನ್ನೆರಡರ ಬಾಲಕ ಇಂಥ ಊರಿನಲ್ಲಿ ಬೆಳೆದನು. ಸಾವನ್ನು ಅಷ್ಟು ಸಮೀಪದಿಂದ ಕಂಡ ಹುಡುಗ ಜೀವ ಉಳಿಸುವ ವೃತ್ತಿಯನ್ನು ಆರಿಸಿಕೊಂಡುದು ಮನಮುಟ್ಟುವ ಸಂಗತಿ.

ಚಿಕ್ಕಪ್ಪನ ಮಾರ್ಗದರ್ಶನದಲ್ಲಿ 1795ರಲ್ಲಿ, ಕೇವಲ 14ನೆಯ ವಯಸ್ಸಿನಲ್ಲಿ, ಅವರು ನಾಂತ್ ನಗರದ ಆಸ್ಪತ್ರೆಯಲ್ಲಿ ಗಾಯಾಳುಗಳ ಶುಶ್ರೂಷೆಗೆ ನಿಂತರು. ಬಿಡುವಿನಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಕಲಿತರು, ಕೊಳಲು ನುಡಿಸಿದರು, ಕಡಗೋಲು ಯಂತ್ರದಲ್ಲಿ ಮರವನ್ನು ಕಡೆಯುವುದನ್ನೂ ಅಭ್ಯಾಸ ಮಾಡಿದರು. ನಾದಕ್ಕೆ ಪಳಗಿದ ಕಿವಿ, ಮರಗೆಲಸಕ್ಕೆ ಪಳಗಿದ ಕೈ, ಗ್ರೀಕ್ ಭಾಷೆಯ ಅರಿವು, ಈ ಮೂರೂ ಮುಂದೆ ಅವರಿಗೆ ಒದಗಿಬಂದವು.

ಪ್ಯಾರಿಸ್ ನಗರದಲ್ಲಿ

1801ರಲ್ಲಿ ಲೇನೆಕ್ ಉನ್ನತ ವ್ಯಾಸಂಗಕ್ಕಾಗಿ ಪ್ಯಾರಿಸ್ಸಿಗೆ ಹೋದರು. ಅಲ್ಲಿನ ಷಾರಿತೇ ಆಸ್ಪತ್ರೆಯಲ್ಲಿ ಪ್ರಸಿದ್ಧ ವೈದ್ಯ ಕೋರ್ವಿಸಾರ್ ಅವರಿಗೆ ಗುರುಗಳಾದರು. ಈ ಕೋರ್ವಿಸಾರ್ ಮುಂದೆ ನೆಪೋಲಿಯನ್ ಚಕ್ರವರ್ತಿಯ ಖಾಸಗಿ ವೈದ್ಯರಾದವರು. ಮರುವರ್ಷವೇ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಹೊಟ್ಟೆಯ ಒಳಪೊರೆಯ ಉರಿಯೂತವನ್ನು ಕುರಿತು ಲೇನೆಕ್ ಬರೆದ ಲೇಖನ ಹಿರಿಯರ ಗಮನ ಸೆಳೆಯಿತು. 1803ರಲ್ಲಿ ವೈದ್ಯಶಾಸ್ತ್ರ ಮತ್ತು ಶಸ್ತ್ರಚಿಕಿತ್ಸೆ ಎರಡರಲ್ಲಿಯೂ ಪ್ರಥಮ ಬಹುಮಾನಗಳು ಅವರಿಗೇ ಬಂದವು. 1804ರಲ್ಲಿ ಅವರು ವೈದ್ಯ ಪದವಿ ಪಡೆದರು.

ಕ್ರಾಂತಿಯ ಗದ್ದಲದಲ್ಲಿ ಬೆಳೆದ ಅನೇಕ ಯುವಕರಂತೆ ಲೇನೆಕ್ ಕೂಡ ಧಾರ್ಮಿಕ ಆಚರಣೆಗಳಿಂದ ದೂರವಾಗಿದ್ದರು. ಪ್ಯಾರಿಸ್ಸಿನಲ್ಲಿ ಅವರ ವಿಶ್ವಾಸ ಮತ್ತೆ ಚಿಗುರಿತು. ಹಿಂದೆ ಯೇಸುಸಭೆಯಲ್ಲಿದ್ದ ದೆಲ್ಪುಯಿ ಎಂಬ ಗುರುಗಳು ವಿದ್ಯಾರ್ಥಿಗಳಿಗಾಗಿ ನಡೆಸುತ್ತಿದ್ದ ದೇವಮಾತೆಯ ಸಂಘವನ್ನು ಅವರು 1803ರಲ್ಲಿ ಸೇರಿದರು. ಅಂದಿನಿಂದ ಕೊನೆಯವರೆಗೂ ಅವರ ಭಕ್ತಿ ಸಡಿಲಲಿಲ್ಲ. ಆ ಕಾಲದ ವೈದ್ಯ ವಿದ್ಯಾಲಯಗಳಲ್ಲಿ ದೇವರ ಹೆಸರೆತ್ತುವುದು ಹಿಂದುಳಿದವರ ಲಕ್ಷಣವೆಂಬ ಭಾವನೆ ಪ್ರಬಲವಾಗಿತ್ತು. ಲೇನೆಕ್ ಮಾತ್ರ ತಮ್ಮ ವಿಶ್ವಾಸವನ್ನು ಮರೆಮಾಚಲೂ ಇಲ್ಲ, ಅದನ್ನು ವಿಜ್ಞಾನದ ಜಾಗದಲ್ಲಿ ತಂದಿಡಲೂ ಇಲ್ಲ. ಪ್ರಾರ್ಥನೆಗೆ ಪ್ರಾರ್ಥನೆಯ ಹೊತ್ತು, ಪರೀಕ್ಷೆಗೆ ಪರೀಕ್ಷೆಯ ಹೊತ್ತು.

ನೆಪೋಲಿಯನ್ನನ ಸೋದರಮಾವ ಕಾರ್ಡಿನಲ್ ಫೆಶ್ ಅವರಂಥ ದೊಡ್ಡವರು ಅವರ ಬಳಿ ಚಿಕಿತ್ಸೆ ಪಡೆಯುತ್ತಿದ್ದರು. ಆದರೆ 1814ರಲ್ಲಿ ಯುದ್ಧದಿಂದ ಜರ್ಜರಿತರಾದ ಸೈನಿಕರು ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಕಿಕ್ಕಿರಿದಾಗ, ಫ್ರೆಂಚ್ ಬಾರದ ಬ್ರಿಟನಿಯ ಹಳ್ಳಿಯ ಹುಡುಗರ ಆರೈಕೆಯನ್ನು ಲೇನೆಕ್ ಕೈಗೆತ್ತಿಕೊಂಡರು. ತಮ್ಮ ಊರಿನ ಬ್ರೆಟನ್ ಭಾಷೆಯಲ್ಲಿಯೇ ಅವರನ್ನು ಮಾತನಾಡಿಸಿದರು. ರೋಗಿಯ ಮಾತು ವೈದ್ಯನಿಗೆ ಅರ್ಥವಾಗಬೇಕು, ವೈದ್ಯನ ಮಾತು ರೋಗಿಗೆ ಅರ್ಥವಾಗಬೇಕು ಎಂಬುದು ಅವರ ನಡೆಯಾಗಿತ್ತು.

ಈ ವರ್ಷಗಳಲ್ಲಿಯೇ ಕ್ಷಯರೋಗ ಅವರ ಆಪ್ತರನ್ನು ಒಬ್ಬೊಬ್ಬರಾಗಿ ಕಿತ್ತುಕೊಂಡಿತು. 1810ರಲ್ಲಿ ತಮ್ಮ ಮಿಶೋ ತೀರಿಕೊಂಡನು. 1816ರಲ್ಲಿ, ಕ್ಷಯವನ್ನೇ ಆಳವಾಗಿ ಅಭ್ಯಸಿಸಿದ್ದ ಗೆಳೆಯ, ವೈದ್ಯ ಬೇಲ್ ಅದೇ ರೋಗದಿಂದ ಮೃತಪಟ್ಟರು. ಆ ಕಾಲದಲ್ಲಿ ಎದೆಯ ರೋಗಗಳನ್ನು ಬೇರ್ಪಡಿಸಿ ಹೇಳುವುದೇ ಕಷ್ಟವಾಗಿತ್ತು. ಕೆಮ್ಮು, ಜ್ವರ, ಉಬ್ಬಸ, ಎದೆನೋವು ಎಲ್ಲ ರೋಗಗಳಲ್ಲಿಯೂ ಕಾಣುವಂಥವು. ನ್ಯುಮೋನಿಯಾವೋ, ಪುಪ್ಪುಸದ ಸುತ್ತ ನೀರು ತುಂಬಿದೆಯೋ, ಕ್ಷಯವೋ, ಹೃದಯದ ದೋಷವೋ ಎಂಬುದು ಬಹುಸಲ ಶವಪರೀಕ್ಷೆಯಲ್ಲಿಯೇ ತಿಳಿಯುತ್ತಿತ್ತು.

ಎದೆಯನ್ನು ಬೆರಳಿನಿಂದ ತಟ್ಟಿ ನೋಡುವ ಒಂದು ವಿಧಾನವನ್ನು ಆಸ್ಟ್ರಿಯದ ವೈದ್ಯ ಆವೆನ್‌ಬ್ರುಗ್ಗರ್ 1761ರಲ್ಲಿಯೇ ಪ್ರಕಟಿಸಿದ್ದರು. ತುಂಬಿದ ಪೀಪಾಯಿಗೂ ಖಾಲಿ ಪೀಪಾಯಿಗೂ ತಟ್ಟಿದಾಗ ಸದ್ದು ಬೇರೆಯಾಗುವಂತೆ, ಗಾಳಿ ತುಂಬಿದ ಪುಪ್ಪುಸಕ್ಕೂ ನೀರು ಅಥವಾ ಕೀವು ತುಂಬಿದ ಎದೆಗೂ ಸದ್ದು ಬೇರೆ. ಬಹುಕಾಲ ಯಾರೂ ಲಕ್ಷಿಸದ ಈ ಪುಸ್ತಕವನ್ನು ಕೋರ್ವಿಸಾರ್ 1808ರಲ್ಲಿ ಫ್ರೆಂಚಿಗೆ ಅನುವಾದಿಸಿ ಪ್ರಸಿದ್ಧಿಗೆ ತಂದಿದ್ದರು. ಕೆಲವರು ರೋಗಿಯ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುವುದೂ ಉಂಟು. ಆದರೆ ಅದರಿಂದ ಸಿಗುತ್ತಿದ್ದ ತಿಳಿವಳಿಕೆ ಸ್ವಲ್ಪ, ಸಂಕೋಚ ಬಹಳ.

ಕಾಗದದ ಸುರುಳಿ

1816ರಲ್ಲಿ ಲೇನೆಕ್ ಪ್ಯಾರಿಸ್ಸಿನ ನೆಕೇರ್ ಆಸ್ಪತ್ರೆಯ ವೈದ್ಯರಾಗಿ ನೇಮಕಗೊಂಡರು. ಅದು ಬಡವರು ಬರುತ್ತಿದ್ದ ಆಸ್ಪತ್ರೆ. ಆ ವರ್ಷ ಅವರ ಬಳಿಗೆ ಹೃದ್ರೋಗದ ಲಕ್ಷಣಗಳಿದ್ದ ಯುವತಿಯೊಬ್ಬಳು ಬಂದಳು. ಸ್ಥೂಲಕಾಯಳಾದುದರಿಂದ ಕೈಯಿಟ್ಟಾಗಲಿ ತಟ್ಟಿಯಾಗಲಿ ಏನನ್ನೂ ತಿಳಿಯಲಾಗಲಿಲ್ಲ. ಹರೆಯದ ಹೆಣ್ಣಿನ ಎದೆಗೆ ಕಿವಿಯಿಡುವುದು ಮರ್ಯಾದೆಗೆ ಸಲ್ಲದು.

ಆಗ ಅವರಿಗೆ ಶಬ್ದಶಾಸ್ತ್ರದ ಒಂದು ಸರಳ ಸಂಗತಿ ಹೊಳೆಯಿತು. ಉದ್ದನೆಯ ಮರದ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಗೊಟ್ಟವನಿಗೆ ಆ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಲೇನೆಕ್ ಕೈಗೆ ಸಿಕ್ಕ ಕಾಗದದ ಹಾಳೆಗಳನ್ನು ಬಿಗಿಯಾಗಿ ಸುತ್ತಿ, ಸುರುಳಿಯ ಒಂದು ತುದಿಯನ್ನು ರೋಗಿಯ ಎದೆಗೂ ಇನ್ನೊಂದನ್ನು ತಮ್ಮ ಕಿವಿಗೂ ಹಿಡಿದರು. ಬರಿಯ ಕಿವಿಯನ್ನೇ ಎದೆಗಿಟ್ಟಾಗ ಕೇಳುವುದಕ್ಕಿಂತಲೂ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು. ಹೆಣ್ಣಿನ ಮಾನವನ್ನು ಕಾಯಬೇಕೆಂಬ ಒಂದು ಸಭ್ಯತೆಯಿಂದ ವೈದ್ಯಶಾಸ್ತ್ರದ ದೊಡ್ಡದೊಂದು ಬಾಗಿಲು ತೆರೆಯಿತು.

ಕಾಗದದ ನಂತರ ಅವರು ಹಲವು ವಸ್ತುಗಳನ್ನು ಪರೀಕ್ಷಿಸಿ, ಕೊನೆಗೆ ಮರವನ್ನು ಆರಿಸಿಕೊಂಡರು. ಸುಮಾರು ಒಂದು ಅಡಿ ಉದ್ದದ, ನಡುವೆ ರಂಧ್ರವಿರುವ ಮರದ ಕೊಳವೆಯನ್ನು ತಾವೇ ಕಡೆದು ಮಾಡಿದರು. ಗ್ರೀಕ್ ಭಾಷೆಯಲ್ಲಿ ಎದೆ ಮತ್ತು ನೋಡುವುದು ಎಂಬ ಅರ್ಥ ಕೊಡುವ ಎರಡು ಪದಗಳನ್ನು ಕೂಡಿಸಿ ಅದಕ್ಕೆ ಸ್ಟೆತಾಸ್ಕೋಪ್ ಎಂದು ಹೆಸರಿಟ್ಟರು. ಇಂದು ನಾವು ಕಾಣುವ, ಎರಡೂ ಕಿವಿಗಳಿಗೆ ಸೇರುವ ಬಗೆಯದು 1850ರ ನಂತರ ಬಳಕೆಗೆ ಬಂದುದು. ಲೇನೆಕ್‌ರದು ಒಂದೇ ಕಿವಿಯ ಮರದ ಕೊಳವೆ.

ಎದೆಯ ಭಾಷೆಯ ನಿಘಂಟು

ಉಪಕರಣವನ್ನು ಕಂಡುಹಿಡಿದುದಕ್ಕಿಂತಲೂ ಹಿರಿದಾದ ಕೆಲಸ ಮುಂದಿನ ಮೂರು ವರ್ಷಗಳದು. ಕೇಳಿಸಿದ ಸದ್ದಿಗೆ ಅರ್ಥವೇನೆಂದು ಹೇಳುವವರು ಯಾರೂ ಇರಲಿಲ್ಲ. ಲೇನೆಕ್ ದಿನವೂ ವಾರ್ಡುಗಳಲ್ಲಿ ರೋಗಿಗಳ ಎದೆಯನ್ನು ಆಲಿಸಿ, ಕೇಳಿದುದನ್ನು ಬರೆದಿಟ್ಟರು. ರೋಗಿ ಗುಣಹೊಂದಿದರೆ ಸದ್ದು ಹೇಗೆ ಬದಲಾಯಿತೆಂದು ಬರೆದರು. ರೋಗಿ ಮೃತನಾದರೆ ಶವಪರೀಕ್ಷೆ ಮಾಡಿ, ತಾವು ಕೇಳಿದ ಸದ್ದಿಗೂ ಒಳಗೆ ಕಂಡ ವಿಕಾರಕ್ಕೂ ಇರುವ ಸಂಬಂಧವನ್ನು ಕಂಡುಕೊಂಡರು. ಹೀಗೆ ಪದಕ್ಕೆ ಅರ್ಥವನ್ನು ಸೇರಿಸುತ್ತ ಎದೆಯ ಭಾಷೆಗೆ ಒಂದು ನಿಘಂಟನ್ನೇ ಸಿದ್ಧಪಡಿಸಿದರು.

ಓದುಗರ ತಿಳಿವಳಿಕೆಗಾಗಿ ಅದರ ಕೆಲವು ಪದಗಳನ್ನು ಇಲ್ಲಿ ವಿವರಿಸುತ್ತೇವೆ. ಆರೋಗ್ಯವಂತನ ಪುಪ್ಪುಸದಲ್ಲಿ ಗಾಳಿ ಸಂಚರಿಸುವಾಗ ನಿದ್ರಿಸುವವನ ಉಸಿರಿನಂತೆ ಮೃದುವಾದ ಮರ್ಮರ ಕೇಳಿಸುತ್ತದೆ. ನ್ಯುಮೋನಿಯಾದ ಆರಂಭದಲ್ಲಿ ಪುಪ್ಪುಸದ ಗಾಳಿಗೂಡುಗಳು ಜಿನುಗುವ ದ್ರವದಿಂದ ತೇವಗೊಳ್ಳುವುದರಿಂದ, ಕಾದ ಬಾಣಲೆಯಲ್ಲಿ ಉಪ್ಪು ಸಿಡಿಯುವಂಥ ಚಿಟಪಟ ಸದ್ದು ಹುಟ್ಟುತ್ತದೆ. ಶ್ವಾಸನಾಳಗಳು ಕಿರಿದಾದಾಗ ಸಿಳ್ಳಿನಂಥ ಅಥವಾ ಗೊರಕೆಯಂಥ ಸದ್ದು. ಉಬ್ಬಸದವರಲ್ಲಿ ಇದು ಸಾಮಾನ್ಯ. ಪುಪ್ಪುಸದ ಸುತ್ತಲಿನ ಪೊರೆಯಲ್ಲಿ ನೀರು ತುಂಬಿದಾಗ ಅಲ್ಲಿ ಉಸಿರಿನ ಸದ್ದು ಅಡಗುತ್ತದೆ. ನೀರಿನ ಅಂಚಿನಲ್ಲಿ ಕಿವಿಗೊಟ್ಟು ಕೇಳಿದರೆ ರೋಗಿಯ ಮಾತು ಮೇಕೆಯ ಕೂಗಿನಂತೆ ನಡುಗಿ ಬರುತ್ತದೆ. ಕ್ಷಯದಿಂದ ಪುಪ್ಪುಸದಲ್ಲಿ ಪೊಳ್ಳು ಉಂಟಾಗಿದ್ದರೆ ರೋಗಿ ಆಡಿದ ಮಾತು ಬಾಯಿಯಿಂದಲ್ಲ, ನೇರವಾಗಿ ಎದೆಯಿಂದಲೇ ಹೊರಟಂತೆ ಕೊಳವೆಯಲ್ಲಿ ಕೇಳಿಸುತ್ತದೆ. ಹೃದಯದ ಕವಾಟ ಕೆಟ್ಟಿದ್ದರೆ ಕಮ್ಮಾರನ ತಿದಿಯೊತ್ತಿದಂಥ ಸದ್ದು ಬಡಿತದೊಡನೆ ಸೇರಿರುತ್ತದೆ.

ಈ ಅಧ್ಯಯನದ ಫಲವಾಗಿ 1819ರಲ್ಲಿ ಎರಡು ಸಂಪುಟಗಳ ಅವರ ಮಹಾಗ್ರಂಥ ಹೊರಬಂದಿತು. ಬೇಕಾದವರು ಪುಸ್ತಕದೊಂದಿಗೆ ಅಲ್ಪ ಬೆಲೆಗೆ ಒಂದು ಮರದ ಸ್ಟೆತಾಸ್ಕೋಪನ್ನೂ ಕೊಳ್ಳಬಹುದಾಗಿತ್ತು. 1821ರಲ್ಲಿ ಡಾಕ್ಟರ್ ಜಾನ್ ಫೋರ್ಬ್ಸ್ ಅದನ್ನು ಇಂಗ್ಲಿಷಿಗೆ ತಂದರು.

ಗ್ರಂಥದ ಇನ್ನೊಂದು ಕೊಡುಗೆ ಕ್ಷಯರೋಗದ ನಿಜಸ್ವರೂಪವನ್ನು ತೋರಿಸಿದುದು. ಪುಪ್ಪುಸ, ಕರುಳು, ಮೂಳೆ, ಕುತ್ತಿಗೆಯ ಗ್ರಂಥಿ ಹೀಗೆ ಬೇರೆ ಬೇರೆ ಅಂಗಗಳಲ್ಲಿ ಕಾಣುವ ಗಂಟುಗಳು ಬೇರೆ ಬೇರೆ ರೋಗಗಳಲ್ಲ, ಒಂದೇ ರೋಗದ ಹಲವು ರೂಪಗಳು ಎಂದು ಅವರು ಪ್ರತಿಪಾದಿಸಿದರು. ನಮ್ಮ ಓದುಗರು ಭಕ್ತಿಯಿಂದ ನೆನೆಯುವ ಲೂರ್ದಿನ ಸಂತ ಬರ್ನದೆತ್ 1879ರಲ್ಲಿ ಮೂಳೆಯ ಕ್ಷಯದಿಂದ ನರಳಿ 35ನೆಯ ವಯಸ್ಸಿನಲ್ಲಿ ಮೃತರಾದರು. ಲಿಸ್ಯೂವಿನ ಪುಟ್ಟ ತೆರೇಸಮ್ಮನವರು 1897ರಲ್ಲಿ ಪುಪ್ಪುಸದ ಕ್ಷಯದಿಂದ 24ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಬ್ಬರದು ಮೂಳೆಯ ನೋವು, ಇನ್ನೊಬ್ಬರದು ರಕ್ತಕಾರುವ ಕೆಮ್ಮು; ರೋಗ ಮಾತ್ರ ಒಂದೇ. ಮದ್ಯಪಾನಿಗಳಲ್ಲಿ ಹೆಚ್ಚಾಗಿ ಕಾಣುವ, ಯಕೃತ್ತು ಗಡಸಾಗಿ ಗಂಟುಕಟ್ಟುವ ರೋಗಕ್ಕೆ ಸಿರೋಸಿಸ್ ಎಂಬ ಹೆಸರನ್ನಿಟ್ಟವರೂ ಲೇನೆಕ್‌ರೇ.

ಅವರು ಎಲ್ಲವನ್ನೂ ಸರಿಯಾಗಿಯೇ ಹೇಳಿದರೆಂದು ನಾವು ಭಾವಿಸಬೇಕಾಗಿಲ್ಲ. ಕ್ಷಯ ಒಬ್ಬರಿಂದೊಬ್ಬರಿಗೆ ಹರಡುವ ರೋಗವೆಂದು ಅವರು ಒಪ್ಪಿರಲಿಲ್ಲ. ಬಹುಕಾಲದ ದುಃಖ ಅದಕ್ಕೆ ಮುಖ್ಯ ಕಾರಣವೆಂದು ಬಗೆದಿದ್ದರು. ಸಮುದ್ರದ ಗಾಳಿ ಹಿತಕರವೆಂದು ನಂಬಿ, ಬ್ರಿಟನಿಯ ಕಡಲಿನ ಪಾಚಿಯನ್ನು ತರಿಸಿ ರೋಗಿಗಳ ಹಾಸಿಗೆಗಳ ಬಳಿ ಹರಡಿಸಿದ್ದರು. ಅದರಿಂದ ರೋಗ ಗುಣವಾಗಲಿಲ್ಲ. ರೋಗವನ್ನು ಗುರುತಿಸುವುದರಲ್ಲಿ ಶತಮಾನ ಮುಂದಿದ್ದವರು ಚಿಕಿತ್ಸೆಯಲ್ಲಿ ತಮ್ಮ ಕಾಲದವರೇ ಆಗಿದ್ದರು. ಆದರೆ ಎಷ್ಟು ಗೊತ್ತಿದೆಯೋ ಅಷ್ಟನ್ನು ಪ್ರಾಮಾಣಿಕವಾಗಿ ಹೇಳುವುದರಲ್ಲಿ ಅವರು ಹಿಂಜರಿಯಲಿಲ್ಲ. ಸಕಲ ರೋಗಗಳಿಗೂ ಒಂದೇ ಮೂಲವೆಂದು ಸಾರಿ ಜಿಗಣೆಗಳಿಂದ ರಕ್ತ ಹೀರಿಸುತ್ತಿದ್ದ ಪ್ರಭಾವಶಾಲಿ ವೈದ್ಯ ಬ್ರೂಸೇ ಅವರ ಕಟುಟೀಕೆಯನ್ನು ಲೇನೆಕ್ ವರ್ಷಗಟ್ಟಲೆ ಎದುರಿಸಬೇಕಾಯಿತು.

ಯಶಸ್ಸು ಮತ್ತು ಅನಾರೋಗ್ಯ

ಗ್ರಂಥ ಪ್ರಕಟವಾಗುವಷ್ಟರಲ್ಲಿ ಲೇನೆಕ್‌ರ ದೇಹ ಬಳಲಿಹೋಗಿತ್ತು. 1819ರ ಶರತ್ಕಾಲದಲ್ಲಿ ಅವರು ಪ್ಯಾರಿಸ್ಸನ್ನು ತೊರೆದು ಬ್ರಿಟನಿಯ ಕಡಲತೀರದ ಕೆರ್ಲುವಾರ್ನೆಕ್ ಎಂಬ ತಮ್ಮ ಕುಟುಂಬದ ಹಳ್ಳಿಮನೆಗೆ ಹೋದರು. ಎರಡು ವರ್ಷ ತೋಟ, ಕುದುರೆ ಸವಾರಿ, ನೆರೆಯ ರೈತರ ಚಿಕಿತ್ಸೆ ಇವುಗಳಲ್ಲಿ ಕಳೆದು ಚೇತರಿಸಿಕೊಂಡರು. ಅಲ್ಲಿಯೇ ಉಳಿದಿದ್ದರೆ ಆಯುಸ್ಸು ಕೊಂಚ ಹೆಚ್ಚುತ್ತಿತ್ತೋ ಏನೋ. ಆದರೆ 1821ರ ಕೊನೆಯಲ್ಲಿ ಕರ್ತವ್ಯ ಅವರನ್ನು ಪ್ಯಾರಿಸ್ಸಿಗೆ ಮರಳಿ ಕರೆಯಿತು.

ಮುಂದಿನ ವರ್ಷಗಳು ಗೌರವದ ವರ್ಷಗಳು. 1822ರಲ್ಲಿ ಅವರು ಕಾಲೇಜ್ ದ ಫ್ರಾನ್ಸ್‌ನ ಪ್ರಾಧ್ಯಾಪಕರಾದರು. 1823ರಲ್ಲಿ, ತಾವು ವಿದ್ಯಾರ್ಥಿಯಾಗಿದ್ದ ಷಾರಿತೇ ಆಸ್ಪತ್ರೆಯಲ್ಲಿಯೇ ಬೋಧಕರಾದರು. ಹಲವು ದೇಶಗಳಿಂದ ಬಂದ ಯುವವೈದ್ಯರು ಅವರ ಹಿಂದೆ ವಾರ್ಡುಗಳಲ್ಲಿ ನಡೆಯುತ್ತಿದ್ದರು. ಅವರೆಲ್ಲರಿಗೂ ತಿಳಿಯಲೆಂದು ಲೇನೆಕ್ ಲ್ಯಾಟಿನ್ ಭಾಷೆಯಲ್ಲಿ ಪಾಠ ಹೇಳುತ್ತಿದ್ದರು. ರಾಜಪಕ್ಷದವರೆಂದೂ ಧರ್ಮನಿಷ್ಠರೆಂದೂ ಅವರನ್ನು ದ್ವೇಷಿಸಿದವರು ಇದ್ದರು. ಸರ್ಕಾರ ವೈದ್ಯ ವಿದ್ಯಾಲಯವನ್ನು ಪುನರ್ರಚಿಸಿ ಕೆಲವು ಹಳೆಯ ಪ್ರಾಧ್ಯಾಪಕರನ್ನು ಹೊರಗಿಟ್ಟಾಗ ಆ ಅಸಮಾಧಾನ ಇನ್ನೂ ಹೆಚ್ಚಿತು. 1824ರ ಡಿಸೆಂಬರಿನಲ್ಲಿ ಅವರು ತಮ್ಮ ಮನೆಯ ಆಡಳಿತ ನೋಡಿಕೊಳ್ಳುತ್ತಿದ್ದ ಜಾಕ್ಲಿನ್ ಆರ್ಗೂ ಎಂಬ ವಿಧವೆಯನ್ನು ವಿವಾಹವಾದರು. ಅವರಿಗೆ ಮಕ್ಕಳ ಭಾಗ್ಯವಿರಲಿಲ್ಲ.

ಕೊನೆಯ ದಿನಗಳು

ಲೇನೆಕ್‌ರ ಬದುಕಿನ ಅತ್ಯಂತ ಹೃದಯಸ್ಪರ್ಶಿಯಾದ ಭಾಗಕ್ಕೆ ಈಗ ಬಂದಿದ್ದೇವೆ. ಹಲವು ವರ್ಷಗಳಿಂದ ಅವರಿಗೆ ಕೆಮ್ಮು, ಉಬ್ಬಸ, ಆಗಾಗ ಜ್ವರ, ದಿನದಿನಕ್ಕೂ ಇಳಿಯುವ ತೂಕ. ಇದೇ ಲಕ್ಷಣಗಳ ರೋಗಿ ವಾರ್ಡಿನಲ್ಲಿ ಸಿಕ್ಕಿದ್ದರೆ ಅವರಿಗೆ ಸಂದೇಹವೇ ಉಳಿಯುತ್ತಿರಲಿಲ್ಲ. ಆದರೆ ತಮ್ಮ ವಿಷಯದಲ್ಲಿ ಇದು ಆಸ್ತಮಾ, ಇದು ನರಗಳ ದೌರ್ಬಲ್ಯ ಎಂದೇ ಅವರು ಭಾವಿಸುತ್ತ ಬಂದಿದ್ದರು. ಯೌವನದಲ್ಲಿ ಕ್ಷಯರೋಗಿಯೊಬ್ಬನ ಬೆನ್ನುಮೂಳೆಯನ್ನು ಶವಪರೀಕ್ಷೆಯಲ್ಲಿ ಕತ್ತರಿಸುವಾಗ ಗರಗಸ ಜಾರಿ ಬೆರಳಿಗೆ ಗಾಯವಾಗಿ, ಅಲ್ಲಿ ಕ್ಷಯದ ಗಂಟೊಂದು ಎದ್ದು ಮಾಯ್ದಿದ್ದುದನ್ನು ಅವರೇ ದಾಖಲಿಸಿದ್ದರು. ಅದನ್ನೂ ಅಪಾಯಕರವೆಂದು ಎಣಿಸಿರಲಿಲ್ಲ. ಮನುಷ್ಯಸ್ವಭಾವವೇ ಹಾಗೆ. ಪರರ ಎದೆಯ ದನಿ ಸ್ಪಷ್ಟವಾಗಿ ಕೇಳುವವನಿಗೂ ತನ್ನ ಎದೆಯ ದನಿ ಕೇಳಿಸುವುದಿಲ್ಲ.

1826ರ ವಸಂತದಲ್ಲಿ, ಗ್ರಂಥದ ಎರಡನೆಯ ಪರಿಷ್ಕರಣವನ್ನು ಮುಗಿಸುವ ಹೊತ್ತಿಗೆ, ರೋಗ ಉಲ್ಬಣಿಸಿತು. ಆಗ ಅವರು ತಮ್ಮ ಕಿರಿಯ ಬಂಧುವೂ ಶಿಷ್ಯರೂ ಆದ ವೈದ್ಯ ಮೇರಿಯಾದೆಕ್ ಲೇನೆಕ್‌ರನ್ನು ಕರೆದು, ಅದೇ ಸ್ಟೆತಾಸ್ಕೋಪಿನಿಂದ ತಮ್ಮ ಎದೆಯನ್ನು ಆಲಿಸಿ ಕೇಳಿಸಿದುದನ್ನು ಹೇಳುವಂತೆ ಸೂಚಿಸಿದರು. ಶಿಷ್ಯನು ಕೇಳಿದ ಸದ್ದುಗಳನ್ನು ವರ್ಣಿಸಿದನು. ಆ ಸದ್ದುಗಳಿಗೆ ಅರ್ಥವನ್ನು ಬರೆದವರು ಗುರುಗಳೇ ಆಗಿದ್ದರು. ಬೇರೆ ವಿವರಣೆ ಬೇಕಾಗಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಪತ್ನಿಯೊಡನೆ ಅವರು ಬ್ರಿಟನಿಗೆ ಕೊನೆಯ ಪ್ರಯಾಣ ಬೆಳೆಸಿದರು. ಕಡಲ ಗಾಳಿ ಈ ಬಾರಿ ಚೇತರಿಕೆ ತರಲಿಲ್ಲ. ದೇವಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಎರಡು ದಿನ ಮುಂಚೆ, 1826ರ ಆಗಸ್ಟ್ 13ರ ಭಾನುವಾರ, ಕೆರ್ಲುವಾರ್ನೆಕ್ ಮನೆಯಲ್ಲಿ ಪ್ರಾಣಬಿಟ್ಟರು. ಪ್ರಾಣ ಹೋಗುವ ಸ್ವಲ್ಪ ಮುನ್ನ ತಮ್ಮ ಬೆರಳುಗಳ ಉಂಗುರಗಳನ್ನು ತಾವೇ ತೆಗೆದಿಟ್ಟರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಆ ದುಃಖದ ಕೆಲಸ ಬೇರೆಯವರ ಪಾಲಿಗೆ ಬೀಳಬಾರದೆಂಬುದು ಅವರ ಇಚ್ಛೆಯಾಗಿತ್ತು. ಪ್ಲೊಆರೆ ಗ್ರಾಮದ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ತಮ್ಮ ಕಾಗದಪತ್ರಗಳ ಜೊತೆಗೆ ಸ್ಟೆತಾಸ್ಕೋಪನ್ನೂ ಅವರು ಮೇರಿಯಾದೆಕ್‌ರಿಗೆ ಬರೆದುಕೊಟ್ಟಿದ್ದರು. ತಾವು ಬಿಟ್ಟುಹೋಗುವ ಆಸ್ತಿಯಲ್ಲಿ ಅದೇ ಹೆಚ್ಚು ಬೆಲೆಯುಳ್ಳದ್ದೆಂದು ಬಗೆದಿದ್ದರು.

ಲೇನೆಕ್‌ರ ನಂತರ

ಲೇನೆಕ್ ರೋಗದ ಗುರುತನ್ನು ತೋರಿಸಿಕೊಟ್ಟರು. ಮಿಕ್ಕ ಕೆಲಸವನ್ನು ಮುಂದಿನವರು ಒಂದೊಂದಾಗಿ ಪೂರೈಸಿದರು. ಕ್ಷಯ ಹರಡುವ ರೋಗವೆಂದು ಫ್ರಾನ್ಸಿನವರೇ ಆದ ವಿಲ್ಮೆ ಎಂಬ ವೈದ್ಯರು 1865ರಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದರು. ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ರೋಗಾಣುವನ್ನೇ ತೋರಿಸಿದರು. ಇಂದು ಆ ದಿನವನ್ನು ವಿಶ್ವ ಕ್ಷಯರೋಗ ದಿನವಾಗಿ ಆಚರಿಸುತ್ತೇವೆ. 1895ರಲ್ಲಿ ರಾಂಟ್ಜನ್ ಕಂಡುಹಿಡಿದ ಎಕ್ಸ್-ರೇ ಕಿರಣಗಳಿಂದ ಕಿವಿ ಕೇಳಿದುದನ್ನು ಕಣ್ಣೂ ನೋಡುವಂತಾಯಿತು. ಬಿ.ಸಿ.ಜಿ. ಲಸಿಕೆಯನ್ನು 1921ರಲ್ಲಿ ಮೊದಲ ಬಾರಿಗೆ ಶಿಶುವಿಗೆ ಕೊಡಲಾಯಿತು. ಆದರೂ ನಮ್ಮ ದೇವಾಲಯದ ಆರಂಭದ ದಿನಗಳಲ್ಲಿ, ನೂರು ವರ್ಷಗಳ ಹಿಂದೆ, ಕ್ಷಯವೆಂದು ತಿಳಿದವರಿಗೆ ಕೊಡಲು ಔಷಧವೇ ಇರಲಿಲ್ಲ. ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ ಇಷ್ಟೇ ಉಪಾಯ. 1943ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್, ಅನಂತರ ರಿಫಾಂಪಿಸಿನ್ ಬಂದ ಮೇಲೆ ಕ್ಷಯ ಗುಣವಾಗುವ ರೋಗಗಳ ಸಾಲಿಗೆ ಸೇರಿತು.

ಈ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲುಂಟು. ರೋಗಿಯನ್ನು ದೂರದ ಸ್ಯಾನಿಟೋರಿಯಮ್ಮಿಗೆ ಕಳುಹಿಸದೆ ಮನೆಯಲ್ಲಿಯೇ ಔಷಧ ಕೊಟ್ಟರೂ ಗುಣವಾಗುತ್ತದೆಂದು ಮದರಾಸಿನ ಅಧ್ಯಯನವೊಂದು 1959ರಲ್ಲಿ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದರ ತಜ್ಞರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮನ್ನು ಯೋಚನೆಗೆ ಹಚ್ಚುವಂಥದು. ಹಳ್ಳಿಯ ಜನ ಅಜ್ಞಾನದಿಂದ ಚಿಕಿತ್ಸೆಗೆ ಬರುವುದಿಲ್ಲವೆಂಬುದು ಅಂದಿನ ಸಾಮಾನ್ಯ ನಂಬಿಕೆ. ಆದರೆ ಕ್ಷಯರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ತಾವಾಗಿ ವೈದ್ಯರನ್ನು ಕಂಡಿದ್ದರು. ಅವರಲ್ಲಿ ಹೆಚ್ಚಿನವರು ರೋಗಪತ್ತೆಯಾಗದೆ ಕೆಮ್ಮಿನ ಔಷಧದ ಸೀಸೆಯೊಂದಿಗೆ ಹಿಂದಿರುಗಿದ್ದರು. ರೋಗಿಗಳು ಬಂದಿದ್ದರು, ಹೇಳಿಕೊಂಡಿದ್ದರು. ಆಲಿಸುವ ಕಿವಿ ಇರಲಿಲ್ಲ. ಈ ಅರಿವಿನ ಆಧಾರದ ಮೇಲೆಯೇ, ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕಫಪರೀಕ್ಷೆ ನಡೆಯುವ ವ್ಯವಸ್ಥೆ ರೂಪುಗೊಂಡಿತು.

ನಾವು ತಿಳಿದಿರಬೇಕಾದ ಸಂಗತಿಗಳು

ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ ನಮ್ಮದೇ. ಆದುದರಿಂದ ಕೆಲವು ಮಾತುಗಳನ್ನು ಇಲ್ಲಿ ಸೇರಿಸುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕದ ಇಳಿಕೆ, ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಮಾಯದ ಗಂಟು ಇವುಗಳಲ್ಲಿ ಯಾವುದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ವೈದ್ಯರು ಎದೆಯನ್ನು ಆಲಿಸಿ, ಎಕ್ಸ್-ರೇ ತೆಗೆಸಿ, ಕಫವನ್ನು ಪರೀಕ್ಷೆಗೆ ಕಳುಹಿಸುತ್ತಾರೆ. ಸ್ಟೆತಾಸ್ಕೋಪ್ ಸಂಶಯವನ್ನು ಹುಟ್ಟಿಸುತ್ತದೆ, ಎಕ್ಸ್-ರೇ ಅದನ್ನು ಬಲಪಡಿಸುತ್ತದೆ, ಕಫದಲ್ಲಿ ರೋಗಾಣು ಸಿಕ್ಕರೆ ನಿರ್ಣಯವಾಗುತ್ತದೆ. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಟ್ರೂನ್ಯಾಟ್‌ನಂಥ ಹೊಸ ಪರೀಕ್ಷೆಗಳು ಕೆಲವೇ ಗಂಟೆಗಳಲ್ಲಿ ರೋಗಾಣುವನ್ನೂ, ಅದು ರಿಫಾಂಪಿಸಿನ್ ಔಷಧಕ್ಕೆ ಬಗ್ಗುವುದೇ ಎಂಬುದನ್ನೂ ತಿಳಿಸುತ್ತವೆ.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಮೊದಲ ಎರಡು ತಿಂಗಳು ನಾಲ್ಕು ಔಷಧಗಳು, ಅನಂತರ ನಾಲ್ಕು ತಿಂಗಳು ಮೂರು. ಕೆಲವೇ ವಾರಗಳಲ್ಲಿ ಕೆಮ್ಮು ನಿಂತು, ಹಸಿವು ಮರಳಿ, ರೋಗ ಹೋಯಿತೆಂದು ತೋರುತ್ತದೆ. ಅಪಾಯವಿರುವುದು ಅಲ್ಲಿಯೇ. ಆ ಹಂತದಲ್ಲಿ ಔಷಧ ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದ ಶಕ್ತಿ ಪಡೆದು ಮರಳಬಹುದು. ಒಂದೇ ಮನೆಯಲ್ಲಿರುವವರೂ ಪರೀಕ್ಷೆಗೆ ಒಳಗಾಗಬೇಕು. ಹುಟ್ಟಿದ ಮಗುವಿಗೆ ಬಿ.ಸಿ.ಜಿ. ಲಸಿಕೆಯನ್ನು ತಪ್ಪಿಸಬಾರದು; ಮಕ್ಕಳನ್ನು ಕಾಡುವ ಭೀಕರ ರೂಪಗಳಿಂದ ಅದು ಕಾಪಾಡುತ್ತದೆ.

ಈ ಎಲ್ಲಕ್ಕಿಂತ ದೊಡ್ಡ ಅಡ್ಡಿ ನಾಚಿಕೆ. ಮದುವೆಗೆ ತೊಡಕಾದೀತೆಂದು ಮಗಳ ಕೆಮ್ಮನ್ನು ಮುಚ್ಚಿಡುವ ತಾಯಿ, ಕೆಲಸ ಹೋದೀತೆಂದು ಜ್ವರವನ್ನು ನುಂಗಿಕೊಳ್ಳುವ ತಂದೆ, ನೆರೆಯವರು ಏನೆಂದಾರೋ ಎಂದು ಔಷಧದ ಚೀಟಿಯನ್ನು ಹರಿದುಹಾಕುವ ಯುವಕ, ಇಂಥವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇಲ್ಲವೆನ್ನಲಾಗದು. ರೋಗ ಪಾಪದ ಫಲವಲ್ಲ, ಮನೆತನದ ಕಳಂಕವೂ ಅಲ್ಲ. ರೋಗಿಗಳನ್ನು ಸಂದರ್ಶಿಸುವುದು ಕರುಣೆಯ ಕಾರ್ಯಗಳಲ್ಲಿ ಒಂದೆಂದು ಧರ್ಮೋಪದೇಶದಲ್ಲಿ ನಾವೆಲ್ಲ ಕಲಿತವರು. ಅವರ ಮಾತನ್ನು ಕೇಳುವುದು, ಪರೀಕ್ಷೆಗೆ ಜೊತೆಯಲ್ಲಿ ಹೋಗುವುದು, ಆರು ತಿಂಗಳು ಔಷಧವನ್ನು ನೆನಪಿಸುವುದು, ಊಟಕ್ಕೆ ಒಂದಿಷ್ಟು ಹಾಲು ಮೊಟ್ಟೆ ಒದಗಿಸುವುದು, ಇವೂ ಆ ಕಾರ್ಯದ ಭಾಗವೇ.

ಲೇನೆಕ್‌ರ ಕಾಲದಲ್ಲಿ ರೋಗವನ್ನು ತಿಳಿದೂ ಗುಣಪಡಿಸುವ ದಾರಿಯಿರಲಿಲ್ಲ. ಆದರೂ ಅವರು ತಿಳಿಯುವ ಕೆಲಸವನ್ನು ಕೈಬಿಡಲಿಲ್ಲ. ಸರಿಯಾಗಿ ತಿಳಿದರೆ ಮುಂದೆ ಯಾರಾದರೂ ಗುಣಪಡಿಸಿಯಾರು ಎಂಬ ಭರವಸೆ ಅವರ ದುಡಿಮೆಯಲ್ಲಿತ್ತು. ನಮ್ಮ ಕಾಲದಲ್ಲಿ ದಾರಿಯಿದೆ, ಔಷಧವಿದೆ. ತಿಳಿಯಲು ಮನಸ್ಸು ಮಾಡದೆ ಹೋದರೆ ತಪ್ಪು ನಮ್ಮದೇ ಆಗುತ್ತದೆ. ಸುಮಾರು ಎರಡು ಶತಮಾನಗಳ ಹಿಂದೆ ಬ್ರಿಟನಿಯ ಕಡಲತೀರದಲ್ಲಿ ಕಣ್ಮುಚ್ಚಿದ ಆ ಸಜ್ಜನರ ಆತ್ಮಕ್ಕೆ ಪ್ರಭು ನಿತ್ಯಶಾಂತಿಯನ್ನು ದಯಪಾಲಿಸಲಿ. ನಮ್ಮ ನಡುವಿನ ರೋಗಿಗಳ ದನಿಗೆ ನಮ್ಮ ಕಿವಿಗಳು ತೆರೆದಿರಲಿ.